ಅಜ್ಜನ ಬಲೆಯ ಗಂಟು ತುಂಗಭದ್ರೆಯ ದಡದಲ್ಲೂ ಕಲಿಯಲು ಸಿಗುತ್ತದೆ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ನಮ್ಮ ಮೂಲ ಕುಂದಾಪುರದಾಚೆಯ ಮರವಂತೆಯ ಕಡೆ, ಮೀನುಗಾರರಾದ ಮೊಗವೀರ ಕುಟುಂಬ. ಅಜ್ಜ ದಡದಿಂದ ಎಳೆಯುವ ರಂಪಣಿ ಬಲೆಯ ತಂಡದಲ್ಲಿದ್ದವರು. ಎಪ್ಪತ್ತರ ದಶಕದ ಕೊನೆಗೆ ರಂಪಣಿ ನಿಂತುಹೋದಾಗ ಅಪ್ಪ ಹೋಟೆಲ್ ಕೆಲಸಕ್ಕೆಂದು ಘಟ್ಟ ಹತ್ತಿ, ಕೊನೆಗೆ ಗಿಣಿಗೇರಿಯ ಬಳಿ ಒಂದು ಖಾನಾವಳಿ ಇಟ್ಟು ಇಲ್ಲಿಯೇ ನೆಲೆಯಾದರು. ಮನೆಯಲ್ಲಿ ಅಜ್ಜನ ಬಲೆಯ ಎರಡು ಮೊಳದ ತುಂಡು, ಬಲೆ ಹೆಣೆಯುವ ಮರದ ಸೂಜಿ, ಬಲೆ ಎಳೆಯುತ್ತಿರುವ ಒಂದು ಮಾಸಿದ ಫೋಟೊ ಇವೆ. ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಇವುಗಳಿಂದ ಒಂದು ಕಲಾಸರಣಿ ಮಾಡಬೇಕೆಂದು ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ದೋಣಿ, ತೆಂಗು, ಮುಳುಗುವ ಸೂರ್ಯ ಎಂದು ಬರೆದದ್ದೆಲ್ಲ ಕ್ಯಾಲೆಂಡರಿನ ಚಿತ್ರವಾಗಿಬಿಡುತ್ತದೆ. ನಾನು ಕಡಲನ್ನು ನೋಡಿದ್ದೇ ಐದಾರು ಸಲ. ಇಲ್ಲಿ ಕುಳಿತು ಆ ಬದುಕನ್ನು ಚಿತ್ರಿಸುವ ಹಕ್ಕು ನನಗಿದೆಯೇ? ಇದ್ದರೆ ಎಲ್ಲಿಂದ ಆರಂಭಿಸಲಿ? ಆ ಬಲೆಯ ತುಂಡನ್ನೇ ಕ್ಯಾನ್ವಾಸಿನ ಮೇಲೆ ಅಂಟಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳು ಕಾಯಬಲ್ಲವು, ಅದು ಕಾಯಲಾರದು. ಬಲೆಯ ತುಂಡನ್ನು ದಯವಿಟ್ಟು ಅಂಟಿಸಬೇಡಿ. ಚೌಕಟ್ಟು ಕಟ್ಟುವ ಅಂಗಡಿಗಳಲ್ಲಿ ಬಳಸುವ ಬಿಳಿ ಅಂಟು ಒಮ್ಮೆ ಎಳೆಯೊಳಗೆ ಇಳಿದರೆ ಎಳೆಗೆ ಪೆಟ್ಟಾಗದಂತೆ ಅದನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ನಾಳೆ ನಿಮ್ಮ ಕಲ್ಪನೆ ಬದಲಾಗಬಹುದು, ಬದಲಾಗಲೇಬೇಕು. ಆದರೆ ಆ ಬಲೆ ಇನ್ನೊಮ್ಮೆ ಸಿಗುವುದಿಲ್ಲ.

ಮೊದಲು ಅದು ಯಾವ ಹುರಿಯದ್ದೆಂದು ತಿಳಿದುಕೊಳ್ಳಿ. ಹಳೆಯ ರಂಪಣಿ ಬಲೆಗಳನ್ನು ಸೆಣಬಿನ ಅಥವಾ ಹತ್ತಿಯ ಹುರಿಯಿಂದ ಹೆಣೆಯುತ್ತಿದ್ದರು. ನೈಲಾನ್ ಆಮೇಲೆ ಬಂದದ್ದು. ತಾನಾಗಿಯೇ ಉದುರಿದ ಒಂದು ಎಳೆ ಸಿಕ್ಕರೆ ಅದರ ತುದಿಗೆ ಬೆಂಕಿ ತಾಗಿಸಿ ನೋಡಿ: ನೈಲಾನ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಸೆಣಬು ಅಥವಾ ಹತ್ತಿಯಾಗಿದ್ದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಬಲೆಯನ್ನು ಸಾಬೂನಿನಲ್ಲಿ ತೊಳೆಯಬೇಡಿ, ಬಿಸಿಲಿಗೆ ಹಾಕಬೇಡಿ. ಮೃದುವಾದ ಕುಂಚದಿಂದ ಧೂಳು ತೆಗೆದು, ಗಂಜಿ ಹೋಗುವಂತೆ ಚೆನ್ನಾಗಿ ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆಯಲ್ಲಿ ಮಡಿಕೆ ಬೀಳದಂತೆ ಸುರುಳಿ ಸುತ್ತಿ, ತಗಡಿನ ಮಾಡಿನಿಂದ ದೂರವಿರುವ ಕತ್ತಲೆಯ ಜಾಗದಲ್ಲಿಡಿ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳ ಕಾವಿಗೆ ಹಳೆಯ ನಾರು ಬೇಗ ಪೆಡಸಾಗುತ್ತದೆ. ಸುತ್ತಿಡುವ ಮೊದಲು ಬಿಳಿಯ ಹಾಳೆಯ ಮೇಲೆ ಹರಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಬಲೆಯ ಒಂದು ಕಣ್ಣನ್ನು ಮೆಲ್ಲಗೆ ಎಳೆದು ಹಿಡಿದಾಗ ಗಂಟಿನಿಂದ ಗಂಟಿಗೆ ಎಷ್ಟು ಅಂತರವಿದೆ ಎಂಬುದನ್ನು ಬರೆದಿಡಿ. ಎಲ್ಲಿ ಹರಿದಿದೆ, ಎಲ್ಲಿ ಬೇರೆ ಹುರಿಯಿಂದ ಮತ್ತೆ ಹೆಣೆದಿದ್ದಾರೆ, ಯಾವ ಗಂಟುಗಳು ಬಿಗಿಯಾಗಿವೆ, ಯಾವುವು ಸಡಿಲವಾಗಿವೆ ಎಂಬುದನ್ನು ಪೆನ್ಸಿಲಿನಲ್ಲಿ ನಿಜಗಾತ್ರಕ್ಕೆ ಬರೆಯಿರಿ. ಈ ಕೆಲಸಕ್ಕೆ ನಾಲ್ಕೈದು ಭಾನುವಾರಗಳು ಹಿಡಿಯಬಹುದು, ಹಿಡಿಯಲಿ. ನಿಮ್ಮ ಸರಣಿಯ ಮೊದಲ ಕೃತಿ ಈ ಅಳತೆಯ ರೇಖಾಚಿತ್ರವೇ ಆಗುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಹಕ್ಕಿನ ಮಾತು. ಕಡಲನ್ನು ಐದಾರು ಸಲವಷ್ಟೇ ನೋಡಿದ್ದೇನೆಂಬುದನ್ನು ನೀವು ಕೊರತೆಯೆಂದು ಬರೆದಿದ್ದೀರಿ. ನಿಮಗೆ ಪರಂಪರೆಯಾಗಿ ಬಂದದ್ದು ಏನೆಂದು ಯೋಚಿಸಿ ನೋಡಿ. ಕಡಲಿನ ನೋಟವಂತೂ ನಿಮಗೆ ಬಂದಿಲ್ಲ. ಬಂದಿರುವುದು ಒಂದು ಕೆಲಸದ ತುಣುಕು, ಆ ಕೆಲಸ ನಿಂತುಹೋದ ಸಂಗತಿ, ಅದು ನಿಂತ ಮೇಲೆ ಒಂದು ಕುಟುಂಬ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳನಾಡಿಗೆ ಬಂದು ಅನ್ನ ಬೇಯಿಸಿ ಬಡಿಸಿ ಬದುಕಿದ ಕಥೆ. ಈ ಮೂರಕ್ಕೂ ನಿಮಗಿಂತ ಹೆಚ್ಚಿನ ಹಕ್ಕುದಾರರು ನಿಮ್ಮ ಮನೆಯ ಹೊರಗೆ ಯಾರೂ ಇಲ್ಲ. ನೀವು ಎರಡು ವರ್ಷದಿಂದ ಬರೆಯುತ್ತಿರುವುದು ಮಾತ್ರ ಈ ಮೂರರಲ್ಲಿ ಒಂದೂ ಅಲ್ಲ. ಪ್ರವಾಸಿಗ ನಿಂತು ನೋಡುವ ಕಡಲನ್ನು ಬರೆಯುತ್ತಿದ್ದೀರಿ. ಚಿತ್ರ ಕ್ಯಾಲೆಂಡರಿನಂತಾಗುವುದು ಕೈಯ ದೋಷದಿಂದಲ್ಲ, ನಿಂತ ಜಾಗದ ದೋಷದಿಂದ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬಳ್ಳಾರಿಯಲ್ಲಿ ಚಿತ್ರ ಕಲಿಸಲು ಆರಂಭಿಸಿದ ಹೊಸತರಲ್ಲಿ ನಾನೂ ಹಾಯಿದೋಣಿಗಳು ಸಂಜೆ ದಡಕ್ಕೆ ಮರಳುವ ದೊಡ್ಡ ತೈಲಚಿತ್ರವೊಂದನ್ನು ಬರೆದಿದ್ದೆ. ಅದನ್ನು ನೋಡಿದ ಕರಾವಳಿಯ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ನಿಂತು, “ಇದರಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತಿದೆ?” ಎಂದು ಕೇಳಿದರು. ತೆಂಗಿನ ಗರಿಗಳು ಒಂದು ದಿಕ್ಕಿಗೆ ಬಾಗಿದ್ದವು, ಹಾಯಿ ಇನ್ನೊಂದು ದಿಕ್ಕಿಗೆ ಉಬ್ಬಿತ್ತು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ರಾತ್ರಿಯ ಕೊನೆಯ ಜಾವದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಗಲು ಏರಿದಂತೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಹಾಯಿಯ ಕಾಲದಲ್ಲಿ ಮೀನುಗಾರ ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತಿದ್ದ. ಅವನಿಗೆ ಗಾಳಿಯೆಂದರೆ ಆ ದಿನದ ಗಡಿಯಾರ, ನನಗೆ ಅದು ಅಲಂಕಾರವಾಗಿತ್ತು. ಬೆಳಗಿನ ಜಾವ ಕಡಲಿಗಿಳಿದವನಿಗೆ ಸೂರ್ಯ ಹುಟ್ಟುವುದು ನೀರಿನಿಂದಲ್ಲ, ಅವನ ಬೆನ್ನ ಹಿಂದಿನ ಘಟ್ಟದ ಸಾಲಿನಿಂದ ಎಂಬುದೂ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಆ ಚಿತ್ರವನ್ನು ನಾನು ಮತ್ತೆಲ್ಲೂ ತೋರಿಸಲಿಲ್ಲ. ಆ ಹಿರಿಯರ ಪ್ರಶ್ನೆಯನ್ನು ಮಾತ್ರ ಮೂವತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ದಾಟಿಸುತ್ತ ಬಂದಿದ್ದೇನೆ.

ಹಾಗಾದರೆ ನಿಲ್ಲಬೇಕಾದ ಜಾಗ ಯಾವುದು? ರಂಪಣಿಯೊಳಗೆ ನಿಲ್ಲಿ. ರಂಪಣಿ ಎಂದರೆ ದಡದಿಂದ ಎಳೆಯುವ ಬೃಹತ್ ಬಲೆ. ಬಂಗುಡೆಯ ಅಥವಾ ಬೈಗೆಯ ಹಿಂಡು ದಡಕ್ಕೆ ಸಮೀಪಿಸಿದ್ದನ್ನು ಕಂಡೊಡನೆ ಬಲೆ ಹೇರಿದ ದೋಣಿಯನ್ನು ನೀರಿಗಿಳಿಸಿ, ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದು, ಹತ್ತಾರು ಜನ ಎರಡು ಸಾಲಾಗಿ ನಿಂತು ಗಂಟೆಗಟ್ಟಲೆ ಎಳೆಯುತ್ತಿದ್ದರು. ಅಷ್ಟು ದೊಡ್ಡ ಬಲೆಯನ್ನು ಒಂದೇ ಹೆಣಿಗೆಯಲ್ಲಿ ಮಾಡಲಾಗದು. ಹಲವು ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿದ ಬಲೆ ಅದು, ಸಿಕ್ಕ ಮೀನು ಪಾಲಾಗಿ ಹಂಚಿಹೋಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ಅವು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಬಲೆಯ ಬುಡವನ್ನು ಚೀಲದ ಬಾಯಿಯಂತೆ ಬಿಗಿದು ಎತ್ತಿಬಿಡುವುದರಿಂದ ದಡದಲ್ಲಿ ಕಾಯುವವರವರೆಗೆ ಹಿಂಡು ಬರುವುದೇ ವಿರಳವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಸರಿದವು. ಕೈರಂಪಣಿ ಎಂಬ ಸಣ್ಣ ರೂಪವಷ್ಟೇ ಕೆಲವೆಡೆ ಉಳಿದಿದೆ. ಹೀಗಾಗಿ ನಿಮ್ಮ ಮನೆಯಲ್ಲಿರುವ ಎರಡು ಮೊಳ ಒಬ್ಬ ಅಜ್ಜನ ನೆನಪು ಮಾತ್ರವಲ್ಲ. ಇಡೀ ಊರು ಎಳೆದ ಬಲೆಯೊಂದರ ಒಂದು ಪಾಲು ಅದು. ಉಳಿದ ಪಾಲುಗಳು ಎಲ್ಲೆಲ್ಲಿಗೆ ಹೋದವು ಎಂಬ ಪ್ರಶ್ನೆಯೇ ನಿಮ್ಮ ಸರಣಿಯ ಬೆನ್ನೆಲುಬಾಗಬಲ್ಲದು.

ಇಷ್ಟು ಮನಸ್ಸಿಗೆ ಬಂದರೆ ಕೃತಿಯ ರೂಪವೂ ತಾನಾಗಿ ಹೊಳೆಯುತ್ತದೆ. ಒಂದು ದೊಡ್ಡ ಕ್ಯಾನ್ವಾಸಿನ ಬದಲು, ಎರಡು ಮೊಳದ ಅಳತೆಯ ಹಲವು ತುಂಡುಗಳನ್ನು ನೀವು ಮಾಡಬಹುದು. ಒಂದೊಂದೂ ಒಂದು ಮನೆಯದು, ಒಂದೊಂದೂ ಬೇರೆ ಕೈಯ ಹೆಣಿಗೆಯಂತೆ ಕಾಣಬೇಕು, ಕೊನೆಗೆ ಅವುಗಳನ್ನು ಒಂದಕ್ಕೊಂದು ಹುರಿಯಿಂದಲೇ ಜೋಡಿಸಬಹುದು. ಇದು ನನ್ನ ಸಲಹೆಯಷ್ಟೇ. ನಿಮ್ಮ ಕೈ ಕೆಲಸದಲ್ಲಿ ತೊಡಗಿದಾಗ ಇದಕ್ಕಿಂತ ಒಳ್ಳೆಯದು ಹೊಳೆದರೆ ಇದನ್ನು ಬಿಟ್ಟುಬಿಡಿ.

ಆದರೆ ಒಂದು ವಿಷಯದಲ್ಲಿ ನಾನು ಒತ್ತಾಯವನ್ನೇ ಮಾಡುತ್ತೇನೆ: ಬಲೆಯನ್ನು ಬರೆಯುವ ಮೊದಲು ಬಲೆ ಹೆಣೆಯಲು ಕಲಿಯಿರಿ. ಇದಕ್ಕೆ ಮರವಂತೆಗೆ ಹೋಗುವವರೆಗೆ ಕಾಯಬೇಕಿಲ್ಲ. ಬಲೆಯ ಕಣ್ಣು ಕಟ್ಟುವ ಗಂಟು ಜಗತ್ತಿನ ಬಹುಪಾಲು ಕಡೆ ಒಂದೇ. ಮೇಲಿನ ಸಾಲಿನ ಕುಣಿಕೆಯೊಳಗಿಂದ ಹುರಿಯನ್ನು ತಂದು, ಕುಣಿಕೆಯ ಕುತ್ತಿಗೆಯ ಹಿಂದೆ ಬಳಸಿ, ತನ್ನದೇ ಅಡಿಯಲ್ಲಿ ಸಿಕ್ಕಿಸಿ ಬಿಗಿಯುವ ಗಂಟು ಅದು. ನಿಮ್ಮ ಮನೆಯಿಂದ ಸ್ವಲ್ಪವೇ ದೂರದ ಮುನಿರಾಬಾದಿನಲ್ಲಿ, ತುಂಗಭದ್ರಾ ಜಲಾಶಯದ ಹಿನ್ನೀರಿನ ಉದ್ದಕ್ಕೂ, ಹರಿಗೋಲಿನಲ್ಲಿ ಮೀನು ಹಿಡಿಯುವವರಿದ್ದಾರೆ. ಅವರು ಈಗ ಯಂತ್ರದಲ್ಲಿ ಹೆಣೆದ ನೈಲಾನ್ ಬಲೆಯನ್ನು ಕೊಂಡು ತಂದರೂ ಹರಿದದ್ದನ್ನು ಕೈಯಿಂದಲೇ ಹೆಣೆಯುತ್ತಾರೆ, ಅದೇ ಗಂಟಿನಿಂದ. ಅಜ್ಜನ ಕೈ ಬಲ್ಲ ವಿದ್ಯೆಯನ್ನು ನಿಮಗೆ ಕಲಿಸಬಲ್ಲ ಗುರುಗಳು ಕಟ್ಲಾ, ರೋಹು ಹಿಡಿಯುತ್ತ ನಿಮ್ಮ ಪಕ್ಕದಲ್ಲೇ ಇದ್ದಾರೆ. ಸುಮ್ಮನೆ ಹೋಗಿ ಫೋಟೊ ತೆಗೆದು ಬರಬೇಡಿ. ಬಲೆ ರಿಪೇರಿಗೆ ಕುಳಿತ ಹೊತ್ತಿಗೆ ಹೋಗಿ, ಕಲಿಸಲು ಅವರು ಕಳೆಯುವ ಹೊತ್ತಿಗೆ ತಕ್ಕ ಹಣ ಕೊಟ್ಟು, ಅವರ ಒಂದು ಹರಿದ ಬಲೆಯನ್ನು ಸರಿಮಾಡಿಕೊಡುವಷ್ಟು ಕಲಿತು ಬನ್ನಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಮ್ಮ ಭಾಗದ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು ಪರಂಪರೆಯಿಂದ ತೊಗಲುಗೊಂಬೆ ಆಡಿಸುವವರೂ ಹೌದು, ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವವರೂ ಹೌದು. ನಿಮ್ಮದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಿತು. ಅಂದರೆ ಬಲೆಯೂ ಚಿತ್ರವೂ ಒಂದೇ ಮನೆಯಲ್ಲಿ, ಒಂದೇ ಕೈಯಲ್ಲಿ ಬಾಳಿದ ಉದಾಹರಣೆಗಾಗಿ ನೀವು ದೂರ ಹುಡುಕಬೇಕಾಗಿಲ್ಲ. ಆ ಗೊಂಬೆಗಳನ್ನು ಪರದೆಯ ಹಿಂದಿನಿಂದ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಹದಮಾಡಿ ತೆಳುವಾಗಿಸಿದ ಮೇಕೆಯ ಚರ್ಮದಲ್ಲಿ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳೇ ಒಡವೆಯಾಗಿ, ಉಡುಪಿನ ಅಂಚಾಗಿ ಹೊಳೆಯುವುದನ್ನು ಗಮನಿಸಿ. ಬಲೆಯೂ ಬಹುಪಾಲು ತೂತುಗಳಿಂದಾದ ವಸ್ತು. ಅದನ್ನು ಗೋಡೆಗೆ ಒತ್ತಿ ಇಟ್ಟರೆ ಸತ್ತುಹೋಗುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ತೂಗಿಬಿಟ್ಟು ಒಂದೇ ದೀಪ ಹಚ್ಚಿದರೆ ಅದರ ನೆರಳು ಹೆಣಿಗೆಗಿಂತ ದೊಡ್ಡ ಚಿತ್ರವಾಗುತ್ತದೆ. ಹಾಗೆಂದು ತೊಗಲುಗೊಂಬೆಯ ಆಕೃತಿಗಳನ್ನೋ ಕಿನ್ನಾಳದ ಬಣ್ಣದ ಗೊಂಬೆಗಳ ಶೈಲಿಯನ್ನೋ ತಂದು ನಿಮ್ಮ ಮೀನುಗಾರರ ಮೇಲೆ ಹೇರಬೇಡಿ. ಬೆಳಕನ್ನು ಬಳಸುವ ಕ್ರಮವನ್ನು ಕಲಿಯುವುದು ಬೇರೆ, ಇನ್ನೊಬ್ಬರ ಮನೆತನದ ಆಕೃತಿಗಳನ್ನು ಎತ್ತಿಕೊಳ್ಳುವುದು ಬೇರೆ.

ಬಣ್ಣದ ವಿಚಾರ ಕೇಳಿಲ್ಲವಾದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಊರು ನಿಮಗೆ ನೆರವಾಗುವುದು ಇಲ್ಲಿಯೇ. ನೈಲಾನ್ ಬರುವ ಮೊದಲು ಬಲೆಗಳು ಉಪ್ಪುನೀರಿನಲ್ಲಿ ಕೊಳೆಯದಂತೆ ಒಗರಿನ ಅಂಶವಿರುವ ಮರದ ತೊಗಟೆಯನ್ನು ಕುದಿಸಿ ಆ ಕಷಾಯದಲ್ಲಿ ನೆನೆಸುತ್ತಿದ್ದರು; ಹಳೆಯ ಬಲೆಗಳ ಕಂದುಗೆಂಪು ಬಣ್ಣ ಅದರದೇ. ಹಾಗಾಗಿ ಬಲೆಗೆ ನೀಲಿ ಬಳಿಯುವ ಅಗತ್ಯವಿಲ್ಲ. ನಮ್ಮಲ್ಲಿ ಹೊಲದ ಬದುವಿನಲ್ಲಿ ಬೆಳೆಯುವ ಕರಿಜಾಲಿಯ ತೊಗಟೆಯಲ್ಲಿ ಆ ಒಗರು ಧಾರಾಳವಾಗಿದೆ; ಅದು ಸಿಗದಿದ್ದರೆ ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಪುಡಿಯಾದೀತು, ಆದರೆ ಅದರ ಬಣ್ಣ ಹಳದಿಯ ಕಡೆಗೆ ವಾಲುತ್ತದೆ. ತೊಗಟೆಯನ್ನು ರಾತ್ರಿ ನೆನೆಹಾಕಿ, ಮರುದಿನ ಒಂದು ಗಂಟೆ ಕುದಿಸಿ ಸೋಸಿ, ಹತ್ತಿಯ ಅಥವಾ ಸೆಣಬಿನ ಹುರಿಯನ್ನು ಅದರಲ್ಲಿ ಒಂದು ದಿನ ಬಿಟ್ಟು ನೆರಳಿನಲ್ಲಿ ಒಣಗಿಸಿ. ಇದನ್ನೇ ಮೂರು ನಾಲ್ಕು ಸಲ ಮಾಡಿದರೆ ಬಣ್ಣ ಗಾಢವಾಗುತ್ತದೆ. ನೈಲಾನ್ ಹುರಿ ಈ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ.

ಈ ಒಗರು ಕಬ್ಬಿಣವನ್ನು ಮುಟ್ಟಿದರೆ ಕಪ್ಪಾಗುತ್ತದೆ. ಬಟ್ಟೆಯ ಮೇಲೆ ಬರೆಯುವ ಕಲಂಕಾರಿಯ ಕಪ್ಪು ಗೆರೆಯ ಗುಟ್ಟು ಇದೇ. ತುಕ್ಕು ಹಿಡಿದ ಮೊಳೆ, ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಹದಿನೈದಿಪ್ಪತ್ತು ದಿನ ಹುಳಿಯಲು ಬಿಟ್ಟರೆ ಸಿಗುವ ನೀರನ್ನು ತೊಗಟೆಯಲ್ಲಿ ನೆಂದ ಹುರಿಗೋ ಬಟ್ಟೆಗೋ ತಾಗಿಸಿ ನೋಡಿ, ನೋಡುತ್ತಿದ್ದಂತೆಯೇ ಕಪ್ಪು ಏರುತ್ತದೆ. ಸಂಡೂರಿನ ಅದಿರಿನ ಪುಡಿಯಿಂದ ಇದು ಆಗುವುದಿಲ್ಲ. ಆ ಪುಡಿ ನೀರಿನಲ್ಲಿ ಕರಗದ ಕೆಂಪು ವರ್ಣ, ಅಂಟಿನಲ್ಲಿ ಅರೆದು ಕುಂಚದಿಂದ ಬಳಿಯಲು ಮಾತ್ರ ತಕ್ಕದ್ದು. ಒಂದು ಎಚ್ಚರಿಕೆಯೂ ಇದೆ: ಕಬ್ಬಿಣ ಹೆಚ್ಚಾದರೆ ವರ್ಷಗಳು ಕಳೆದಂತೆ ನಾರನ್ನೇ ತಿನ್ನುತ್ತದೆ, ಆದ್ದರಿಂದ ತೆಳುವಾಗಿ ಬಳಸಿ, ಚೆನ್ನಾಗಿ ನೀರಿನಲ್ಲಿ ಜಾಲಿಸಿ, ಮೊದಲು ಸಣ್ಣ ತುಂಡುಗಳಲ್ಲಿ ಪ್ರಯೋಗಿಸಿ. ಗಿಣಿಗೇರಿಯ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ, ನಿಮ್ಮ ತಂದೆಯ ಖಾನಾವಳಿಯಲ್ಲಿ ಉಂಡು ಹೋಗುವವರಲ್ಲಿ ಅಲ್ಲಿಯ ಕಾರ್ಮಿಕರೂ ಇರಬೇಕು. ಅಜ್ಜನ ಕಡೆಯಿಂದ ಬಂದ ತೊಗಟೆಯ ಕಂದು, ಅಪ್ಪ ನೆಲೆ ನಿಂತ ನೆಲದ ಕಬ್ಬಿಣ, ಎರಡೂ ಸೇರಿದಲ್ಲಿ ಹುಟ್ಟುವ ಕಪ್ಪು: ಇದನ್ನು ಮರವಂತೆಯಲ್ಲೇ ಉಳಿದ ನಿಮ್ಮ ದಾಯಾದಿಗಳಾರೂ ಹೀಗೆಯೇ ಮಾಡಲಾರರು. ಕಡಲಿನಿಂದ ದೂರವಿರುವುದು ನಿಮ್ಮ ಕೃತಿಯೊಳಗೆ ಬರಬೇಕಾದದ್ದು ಹೀಗೆ, ವಸ್ತುವಾಗಿ. ಶೀರ್ಷಿಕೆಯ ಅಡಿಯ ಟಿಪ್ಪಣಿಯಾಗಿ ಅಲ್ಲ.

ಈ ಮಾತಿಗೆ ಆಧಾರವಾಗಿ ಒಬ್ಬ ಮೀನುಗಾರನನ್ನೇ ನಿಮಗೆ ಪರಿಚಯಿಸುತ್ತೇನೆ. ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಬಂದರೂರಿನ ಆಲ್ಫ್ರೆಡ್ ವಾಲಿಸ್ (1855–1942) ಹಡಗು ದೋಣಿಗಳಲ್ಲಿ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತರ ಹರೆಯದಲ್ಲಿ, ಒಂಟಿತನ ನೀಗಿಕೊಳ್ಳಲು ಚಿತ್ರ ಬರೆಯತೊಡಗಿದರು. ಕಲಾಶಾಲೆಯ ಮುಖ ಕಂಡವರಲ್ಲ. ಅಂಗಡಿಯವರು ಕೊಟ್ಟ ರಟ್ಟಿನ ತುಂಡುಗಳ ಮೇಲೆ, ದೋಣಿಗೆ ಬಳಿಯುವ ಬಣ್ಣದಿಂದಲೇ ಬರೆದರು. ರಟ್ಟು ಓರೆಯಾಗಿದ್ದರೆ ಅದನ್ನು ಕತ್ತರಿಸಿ ಚೌಕ ಮಾಡದೆ ಆ ಓರೆಗೆ ತಕ್ಕಂತೆ ಕಡಲನ್ನು ಬಾಗಿಸಿದರು. ಅವರ ಚಿತ್ರಗಳಲ್ಲಿ ದೋಣಿ ಮನೆಗಿಂತ ದೊಡ್ಡದು, ಏಕೆಂದರೆ ಅವರ ಬದುಕಿನಲ್ಲಿ ಅದು ದೊಡ್ಡದಾಗಿತ್ತು. ಬೆನ್ ನಿಕೋಲ್ಸನ್ ಮತ್ತು ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ತರುಣ ಕಲಾವಿದರು 1928ರಲ್ಲಿ ಅವರ ಮನೆಯ ತೆರೆದ ಬಾಗಿಲಿನಿಂದ ಆ ಚಿತ್ರಗಳನ್ನು ಕಂಡು ಬೆರಗಾದರು. ವಾಲಿಸರನ್ನು ಅನುಕರಿಸಲು ನಾನು ಹೇಳುತ್ತಿಲ್ಲ. ಅವರು ಯಾವ ವಸ್ತುವನ್ನು ತೆಗೆದುಕೊಂಡರು, ಯಾವುದನ್ನು ದೊಡ್ಡದಾಗಿ ಬರೆದರು ಎಂಬೆರಡನ್ನು ಮಾತ್ರ ನೋಡಿ. ನಿಮ್ಮ ಅಜ್ಜಿಗೆ ಯಾವುದು ದೊಡ್ಡದಾಗಿತ್ತು?

ನಮ್ಮವರಲ್ಲಿ ಕೆ.ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಬಾಳಿನ ಹೆಚ್ಚಿನ ಕಾಲವನ್ನು ಮುಂಬಯಿಯಲ್ಲಿ ಕಳೆದರೂ ತುಳುನಾಡಿನ ಬದುಕು ಅವರ ಚಿತ್ರಗಳಿಂದ ಹೊರಗೆ ಹೋಗಲಿಲ್ಲ. ಇಂದಿನವರಲ್ಲಿ ಥಾಣೆಯ ಪರಾಗ್ ತಾಂಡೇಲ್ ತಮ್ಮ ಕೋಲಿ ಮೀನುಗಾರ ಸಮುದಾಯದ ಬದುಕನ್ನೇ ಶಿಲ್ಪವಾಗಿಸುತ್ತಿದ್ದಾರೆ. ಅವರ ಕೃತಿಗಳ ಚಿತ್ರಗಳನ್ನು ಹುಡುಕಿ ನೋಡಿ. ಮೀನಿಗೆ ಶಾಯಿ ಬಳಿದು ಕಾಗದ ಒತ್ತಿ ಅಚ್ಚು ತೆಗೆಯುವ ಗ್ಯೋತಾಕು ಎಂಬ ಜಪಾನೀ ವಿಧಾನವೂ ಇದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಮೀನು ಹಿಡಿಯುವವರು ತಮ್ಮ ಬೇಟೆಯ ಅಳತೆಯನ್ನು ದಾಖಲಿಸಲು ಬಳಸಿದ್ದು. ನಿಮ್ಮ ಮಕ್ಕಳಿಗೆ ತರಗತಿಯಲ್ಲಿ ಮಾಡಿಸಿದರೆ ಬಹಳ ಆನಂದಪಡುತ್ತಾರೆ. ನಿಮ್ಮ ಸರಣಿಗೆ ಮಾತ್ರ ಅದು ಬೇಡವೆಂದು ನನ್ನ ಅಭಿಪ್ರಾಯ. ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುವ ವಿಧಾನವದು.

ಈಗ ಅಜ್ಜಿಯ ವಿಚಾರಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅಜ್ಜನ ಬಗ್ಗೆ ಇಷ್ಟಿದೆ, ಅಜ್ಜಿಯ ಬಗ್ಗೆ ಅವರು ಇದ್ದಾರೆ ಎಂಬ ಒಂದೇ ವಾಕ್ಯವಿದೆ. ಫೋಟೊದಲ್ಲಿ ಬಲೆ ಎಳೆಯುವ ಗಂಡಸರಿದ್ದಾರೆ. ಆ ಚೌಕಟ್ಟಿನಿಂದ ನಾಲ್ಕು ಹೆಜ್ಜೆ ಆಚೆಗೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಫೋಟೊದಲ್ಲಿ ಬಂದಿಲ್ಲ. ದಡಕ್ಕೆ ಬಂದ ಮೀನನ್ನು ಕೊಂಡು, ತಲೆಹೊರೆಯಲ್ಲಿ ಮನೆಮನೆಗೆ, ಸಂತೆಗೆ ಹೊತ್ತು, ಚೌಕಾಸಿಯಲ್ಲಿ ಮಾರಿ ಅದನ್ನು ಅಕ್ಕಿಯನ್ನಾಗಿ ಮಾಡಿದವರು ಅವರು. ಮಿಕ್ಕಿದ್ದಕ್ಕೆ ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಉಳಿಸಿದವರೂ ಅವರೇ. ಅಜ್ಜಿಯೊಡನೆ ಕುಳಿತಾಗ “ಆಗ ಹೇಗನಿಸುತ್ತಿತ್ತು?” ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಕೊಡುವ ಉತ್ತರವೇ ಸಿಗುತ್ತದೆ. ಕೆಲಸವನ್ನು ಕೇಳಿ. ಬುಟ್ಟಿಯಲ್ಲಿ ಎಷ್ಟು ಮೀನು ಹಿಡಿಯುತ್ತಿತ್ತು, ತಲೆಯ ಮೇಲೆ ಸಿಂಬಿಗೆ ಯಾವ ಬಟ್ಟೆ ಸುತ್ತುತ್ತಿದ್ದಿರಿ, ಯಾವ ಮನೆಯವರು ಸಾಲ ಹೇಳುತ್ತಿದ್ದರು, ಮಳೆಗಾಲದ ಆಟಿ ತಿಂಗಳಲ್ಲಿ ಏನು ಬೇಯಿಸಿದಿರಿ, ಒಬ್ಬ ಎಳೆಯುವವನಿಗೆ ಬಂದ ಪಾಲೆಷ್ಟು, ದೋಣಿಯವನಿಗೆ ಬಂದದ್ದೆಷ್ಟು ಎಂದು ಕೇಳಿ. ಅವರು ಕುಂದಾಪುರದ ಕನ್ನಡದಲ್ಲಿ ಹೇಳಿದ್ದನ್ನು ಹಾಗೆಯೇ ಮೊಬೈಲಿನಲ್ಲಿ ದಾಖಲಿಸಿ, ಬರೆದುಕೊಳ್ಳುವಾಗ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕುಂದಾಪುರದವರು ಬೈಗೆ ಎನ್ನುವ ಮೀನನ್ನೇ ಮಂಗಳೂರಿನವರು ಬೂತಾಯಿ ಎನ್ನುತ್ತಾರೆ, ಕಾರವಾರದ ಕಡೆ ಅದು ತಾರ್ಲೆ. ಅಜ್ಜಿ ಬಳಸಿದ ಹೆಸರನ್ನೇ ಕೃತಿಗೂ ಇಡಿ. ಎಂಬತ್ತು ದಾಟಿದವರೆಂದು ಬರೆದಿದ್ದೀರಿ. ಆದ್ದರಿಂದ ಹುರಿ, ತೊಗಟೆ ಎಲ್ಲವೂ ಮುಂದಿನ ತಿಂಗಳಿಗೆ ಹೋದರೂ ಚಿಂತೆಯಿಲ್ಲ, ಈ ಕೆಲಸ ಈ ವಾರವೇ ಆರಂಭವಾಗಲಿ.

ಊರಿಗೆ ಹೋಗುವುದಾದರೆ ಜೂನ್ ಅಥವಾ ಜುಲೈಯಲ್ಲಿ ಹೋಗಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ದೋಣಿಗಳು ದಡದಲ್ಲಿರುತ್ತವೆ, ಬಲೆಗಳು ನೆಲಕ್ಕೆ ಹರಡಿರುತ್ತವೆ, ಜನರಿಗೆ ಮಾತಾಡಲು ಬಿಡುವಿರುತ್ತದೆ. ಬೇಸಿಗೆ ರಜೆಯ ನೀಲಿ ಕಡಲು ನೋಡಲು ಚೆಂದವೇ ಹೊರತು ನಿಮ್ಮ ಕೆಲಸಕ್ಕೆ ಅಷ್ಟು ಉಪಯೋಗವಿಲ್ಲ. ಹೋದಲ್ಲಿ ಅಜ್ಜನ ತಂಡದವರು ಯಾರಾದರೂ ಇದ್ದಾರೆಯೇ ವಿಚಾರಿಸಿ, ನಿಮ್ಮ ಫೋಟೊದ ಪ್ರತಿಯನ್ನು ಕೈಯಲ್ಲಿ ಕೊಟ್ಟು ಯಾರು ಯಾರೆಂದು ಗುರುತಿಸಲು ಹೇಳಿ. ಆ ಫೋಟೊವನ್ನು ಪ್ರದರ್ಶನಕ್ಕಿಡುವುದಾದರೆ ಗುರುತು ಸಿಕ್ಕ ಪ್ರತಿಯೊಬ್ಬರ ಮನೆಯವರನ್ನೂ ಕೇಳಲೇಬೇಕು. ಕಡಲಿನಲ್ಲಿ ಜೀವ ಕಳೆದುಕೊಂಡವರ ಕಥೆಗಳು ನಿಮಗೆ ಸಿಗುತ್ತವೆ. ಅವು ನಿಮ್ಮ ಮನೆಯದಲ್ಲದಿದ್ದರೆ ಅವುಗಳ ಮೇಲೆ ಕೃತಿ ಕಟ್ಟಬೇಡಿ. ಕರಾವಳಿಯ ಮೀನುಗಾರರು ನಂಬುವ ಬೊಬ್ಬರ್ಯನಂಥ ದೈವಗಳ ಮುಖ, ಆಯುಧ, ಅಲಂಕಾರಗಳನ್ನು ಚಿತ್ರಕ್ಕೆ ತರುವ ವಿಚಾರದಲ್ಲಿಯೂ ನನ್ನ ನಿಲುವು ಕಟ್ಟುನಿಟ್ಟಿನದು: ದೈವ ಇಂದಿಗೂ ನಂಬಿ ನಡೆಯುವವರ ಬದುಕಿನೊಳಗಿದೆ, ಹಿರಿಯರು ಒಪ್ಪಿದರೆ ಮಾತ್ರ ಮುಂದುವರಿಯಿರಿ, ಅವರು ಮೌನವಾದರೆ ಅದನ್ನು ಒಪ್ಪಿಗೆಯೆಂದು ಓದಬೇಡಿ.

ಮೊದಲ ವರ್ಷದಲ್ಲೇ ಪ್ರದರ್ಶನದ ಯೋಚನೆ ಬೇಡ. ಗ್ಯಾಲರಿ, ಅರ್ಜಿ, ಅನುದಾನಗಳ ಬಗ್ಗೆ ಐದಾರು ತುಂಡುಗಳು ಸಿದ್ಧವಾದ ಮೇಲೆ ಇನ್ನೊಮ್ಮೆ ಬರೆಯಿರಿ, ಆಗ ವಿವರವಾಗಿ ಹೇಳುತ್ತೇನೆ.

ಸೂಜಿಯ ಮಾತು ಉಳಿಯಿತು. ಬಲೆಯ ತುಂಡನ್ನು ಮುಟ್ಟದೆ ಕಾಪಾಡಿ ಎಂದ ನಾನು ಸೂಜಿಯ ಬಗ್ಗೆ ಬೇರೆ ಮಾತು ಹೇಳುತ್ತೇನೆ. ಅದು ಬಿರುಕು ಬಿಟ್ಟಿಲ್ಲವಾದರೆ, ಹುಳು ಹಿಡಿದಿಲ್ಲವಾದರೆ, ಬಳಸಬಹುದು. ನಿತ್ಯದ ಅಭ್ಯಾಸಕ್ಕೆ ಅದರ ಅಳತೆ ಕೊಟ್ಟು ಬಿದಿರಿನಲ್ಲಿ ಒಂದು ಪ್ರತಿ ಮಾಡಿಸಿಕೊಳ್ಳಿ, ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಕೈ ಪಳಗಿ, ತೊಗಟೆಯ ಬಣ್ಣ ಹಿಡಿದ ಹುರಿ ಸಿದ್ಧವಾದ ಮೇಲೆ ಮೊದಲ ತುಂಡಿನ ಮೊದಲ ಸಾಲನ್ನು ಅಜ್ಜನ ಸೂಜಿಯಿಂದ ಹೆಣೆಯಿರಿ. ಅದನ್ನು ಅಜ್ಜಿಯ ಮುಂದೆ ಕುಳಿತು ಮಾಡಿ. ಗಂಟು ಸಡಿಲವಾಗಿದ್ದರೆ ಅವರು ಹೇಳುತ್ತಾರೆ.